ಪಿಜಿ ನೆಟ್‌ವರ್ಕ್‌ಗೆ ಎಸ್‌ಪಿ ರೋಡ್ ಹಳೇ ಸ್ವಿಚ್: ನನ್ನ ಅನುಭವ

ಪಿಜಿಗೆ ಮ್ಯಾನೇಜ್ಡ್ ಸ್ವಿಚ್ (ರೂಮುಗಳ ನೆಟ್ ಕೇಬಲ್ ಎಲ್ಲ ಬಂದು ಸೇರೋ, ಒಂದೊಂದು ಪೋರ್ಟಿಗೂ ರೂಲ್ಸ್ ಹಾಕ್ಬಹುದಾದ ಡಬ್ಬಿ) ಯಾಕೆ ಗುರು, ಅದೂ ಬೆಂಗಳೂರಿನ ಎಸ್‌ಪಿ ರೋಡ್ ಎಲೆಕ್ಟ್ರಾನಿಕ್ಸ್ ಬಜಾರಿನ ಗುಜರಿ ಮಾಲು ಅಂತ ನಕ್ಕವ್ರಿಗೆಲ್ಲ ಇದು. ಬಿಟಿಎಂ ಕಡೆ ನಾಲ್ಕು ಫ್ಲೋರ್ ಪಿಜಿ, ಹತ್ರತ್ರ ನಲವತ್ತು ರೂಮು, ವರ್ಷದ ಮೇಲಾಯ್ತು, ರಾತ್ರಿ ಹೊತ್ತು ನೆಟ್ ಇಲ್ಲ ಅಂತ ಫೋನ್ ಬರೋದೇ ನಿಂತೋಗಿದೆ.

ಮುಂಚೆ ಇದ್ದಿದ್ದು ಮಾಮೂಲಿ ಸ್ವಿಚ್, ಯಾವ ರೂಲ್ಸೂ ಹಾಕೋಕಾಗಲ್ಲ. ಯಾವನೋ ಸ್ವಂತ ರೌಟರ್ ತಂದು ನಮ್ಮ ಕೇಬಲ್‌ನ ವ್ಯಾನ್ (ನೆಟ್ ಒಳಗೆ ತಗೊಳ್ಳೋ) ಪೋರ್ಟ್ ಬಿಟ್ಟು ಲ್ಯಾನ್ (ನೆಟ್ ಹಂಚೋ) ಪೋರ್ಟಿಗೆ ಚುಚ್ತಾನೆ, ಮುಗೀತು, ಇಡೀ ಬಿಲ್ಡಿಂಗಿಗೆ ಅವನ ರೌಟರ್ 192.168.0 ಐಪಿ (ನೆಟ್‌ವರ್ಕ್ ಅಡ್ರೆಸ್) ಹಂಚ್ತಾ ಕೂರುತ್ತೆ, ಆ ತಪ್ಪು ಅಡ್ರೆಸ್ ಸಿಕ್ಕವ್ರಿಗೆ ನೆಟ್ ಇಲ್ಲ. ಓನರ್ ಎರಡು ಸಲ ಹೊಸ ಸ್ವಿಚ್ ತರಿಸಿದ್ರು, ಏಳೆಂಟು ಸಾವಿರ ಹೊಳೇಲಿ ಹುಣಸೆಹಣ್ಣು ತೊಳ್ದಂಗಾಯ್ತು.

ನಾನು ಸಿಸ್ಕೋ 2960, 24 ಪೋರ್ಟಿಂದು ಎರಡು ತಂದೆ, ಚೌಕಾಸಿ ಮಾಡಿ ಒಂಬತ್ತು ಸಾವಿರದ ಆಸುಪಾಸು. ರೂಮಿಗೆ 100 ಎಂಬಿಪಿಎಸ್ ಪೋರ್ಟ್ ಧಾರಾಳ ಸಾಕು. "ಏನ್ ಸಾರ್, ಯಾರೋ ಬಿಸಾಕಿದ್ದು ತಂದ್ರಾ?" ಅಂದ್ರು ಓನರ್. ಒಂದ್ರಲ್ಲಿ ಯಾವುದೋ ಆಫೀಸಿನ ಪಾಸ್‌ವರ್ಡ್ ಹಾಗೇ ಕೂತಿತ್ತು. ಲ್ಯಾಪ್‌ಟಾಪಿಂದ ಸ್ವಿಚ್ಚಿಗೆ ನೇರ ಕಮ್ಯಾಂಡ್ ಕೊಡೋ ಕನ್ಸೋಲ್ ಕೇಬಲ್ 9600 ಸ್ಪೀಡಲ್ಲಿ ಹಾಕಿ, ಮೋಡ್ ಬಟನ್ ಒತ್ತಿಹಿಡ್ಕೊಂಡೇ ಪವರ್ ಕೊಟ್ಟೆ, ಸಿಸ್ಟ್ ಲೈಟು ಆರೆಂಜ್ ಮಿಣುಕಿ ಗ್ರೀನಿಗೆ ನಿಂತ್ಮೇಲೆ ಬಿಟ್ಟೆ, ಫ್ಲ್ಯಾಶ್ (ಸ್ವಿಚ್ಚಿನ ಮೆಮೊರಿ) ಇನಿಟ್ ಮಾಡಿ ಪಾಸ್‌ವರ್ಡ್ ಇರೋ ಕಾನ್ಫಿಗ್ (ಸೆಟ್ಟಿಂಗ್ಸ್) ಫೈಲಿನ ಹೆಸರು ಬದಲಾಯಿಸಿ ಬೂಟ್ ಮಾಡಿದ್ರೆ ಹೊಸದ್ರಂಗೆ ಎದ್ದು ಕೂತ್ಕೊಂತು.

ಡಿಎಚ್‌ಸಿಪಿ ಸ್ನೂಪಿಂಗ್ (ನಂಬಿದ ಪೋರ್ಟಿಂದ ಮಾತ್ರ ಐಪಿ ಹಂಚೋಕೆ ಬಿಡೋ ಕಾವಲು) ಆನ್ ಮಾಡಿ ನಮ್ಮ ರೌಟರ್ ಕಡೆ ಹೋಗೋ ಅಪ್‌ಲಿಂಕ್ ಒಂದನ್ನೇ ಟ್ರಸ್ಟ್ ಮಾಡಿದೆ, ನೋಡಿದ್ರೆ ಯಾರಿಗೂ ಐಪಿನೇ ಇಲ್ಲ! ಅರ್ಧ ದಿನ ತಲೆ ಕೆಡ್ತು, "ನಾನ್ ಹೇಳ್ಲಿಲ್ವಾ ಮಗಾ" ಅಂತ ಫ್ರೆಂಡ್ ಬೇರೆ. ವಿಷ್ಯ ಏನಂದ್ರೆ ಸ್ವಿಚ್ಚು ತಾನಾಗೇ ರಿಕ್ವೆಸ್ಟಿಗೆ ಆಪ್ಷನ್ 82 (ಯಾವ ಪೋರ್ಟಿಂದ ಬಂತು ಅನ್ನೋ ಚೀಟಿ) ಸೇರಿಸ್ತಿತ್ತು, ನಮ್ಮ ರೌಟರ್ ಅದನ್ನ ನೋಡಿ ಸದ್ದಿಲ್ದೆ ಬಿಸಾಕ್ತಿತ್ತು. ಆ ಚೀಟಿ ಸೇರಿಸೋ ಇನ್ಫರ್ಮೇಶನ್ ಆಪ್ಷನ್‌ಗೆ ನೋ ಕೊಟ್ಟ ತಕ್ಷಣ ಎಲ್ಲಾರ್ಗೂ ಬಂತು.

ಪೋರ್ಟ್ ಸೆಕ್ಯೂರಿಟಿನೂ (ಗುರುತಿರೋ ಮೆಷಿನ್ನಿಗೆ ಮಾತ್ರ ಪೋರ್ಟ್) ಹಾಕ್ನೋಡ್ದೆ, ಪಿಜಿಗೆ ಆಗ್ಬರಲ್ಲ. ಹುಡುಗ್ರು ಲ್ಯಾಪ್‌ಟಾಪ್ ಬದಲಾಯಿಸ್ದಾಗೆಲ್ಲ ಪೋರ್ಟ್ ಡೌನು, ನನಗೆ ಫೋನು. ತೆಗ್ದು ರೂಮ್ ಪೋರ್ಟಿಗೆಲ್ಲ ಪ್ರೊಟೆಕ್ಟೆಡ್ (ಒಂದು ರೂಮು ಇನ್ನೊಂದು ರೂಮಿಗೆ ನೇರ ತಲುಪದಂಗೆ), ಪೋರ್ಟ್‌ಫಾಸ್ಟ್ (ಚುಚ್ಚಿದ ತಕ್ಷಣ ಪೋರ್ಟ್ ಏಳೋಕೆ), ಬಿಪಿಡಿಯು ಗಾರ್ಡ್ (ಲೂಪ್ ಕಂಡ್ರೆ ಪೋರ್ಟ್ ಬೀಳಿಸೋಕೆ) ಹಾಕ್ದೆ, ಬಿದ್ದ ಪೋರ್ಟನ್ನ ತಾನಾಗೇ ಎಬ್ಬಿಸೋ ಎರರ್ ಡಿಸೇಬಲ್ ರಿಕವರಿ 300 ಸೆಕೆಂಡಿಗೇ ಬಿಟ್ಟೆ. ಯಾರಾದ್ರೂ ಕೇಬಲಿನ ಎರಡೂ ತುದಿ ನಮ್ಮ ನೆಟ್ಟಿಗೇ ಚುಚ್ಚಿ ಲೂಪ್ ಮಾಡಿದ್ರೆ ಅವನ ಪೋರ್ಟ್ ಮಾತ್ರ ಬೀಳುತ್ತೆ, ಕೇಬಲ್ ಬಿಚ್ಚಿದ್ರೆ ತಾನೇ ಎದ್ದೇಳುತ್ತೆ. ಸ್ಟಾರ್ಮ್ ಕಂಟ್ರೋಲ್‌ಗೆ (ಒಂದು ಪೋರ್ಟಿಂದ ಟ್ರಾಫಿಕ್ ಉಕ್ಕಿ ಬಂದ್ರೆ ತಡೆಯೋ ಮಿತಿ) ಎಷ್ಟು ಪರ್ಸೆಂಟ್ ಇಟ್ಟಿದೀನಿ ಅಂತ ಕೇಳ್ಬೇಡಿ, ಅದು ನನ್ ಹೊಟ್ಟೆಪಾಡು.

ದೂರದಿಂದ ಕಾನ್ಫಿಗ್ ಮುಟ್ಟೋ ಮುಂಚೆ ರೀಲೋಡ್ ಇನ್ 10 (ಹತ್ತು ನಿಮಿಷಕ್ಕೆ ರೀಸ್ಟಾರ್ಟ್ ಆಗು ಅನ್ನೋ ಕಮ್ಯಾಂಡ್) ಕೊಟ್ಬಿಡ್ತೀನಿ, ಲಾಕ್ ಆಗೋದ್ರೂ ಹತ್ತು ನಿಮಿಷಕ್ಕೆ ಹಳೇ ಕಾನ್ಫಿಗ್ಗಲ್ಲಿ ವಾಪಸ್ ಬರುತ್ತೆ, ಸರಿ ಹೋದ್ರೆ ಕ್ಯಾನ್ಸಲ್ ಮಾಡಿ ರೈಟ್ ಮೆಮೊರಿ ಕೊಟ್ಟು ಸೇವ್ ಮಾಡ್ತೀನಿ.

ಮಧ್ಯೆ ಒಂದು ಹಳೇ ರಾಸ್ಪ್‌ಬೆರಿ ಪೈಗೆ (ಪುಟಾಣಿ ಕಂಪ್ಯೂಟರ್) ಲಿಬ್ರೆಎನ್‌ಎಂಎಸ್ ಅನ್ನೋ ನೆಟ್‌ವರ್ಕ್ ನಿಗಾ ಸಾಫ್ಟ್‌ವೇರ್ ಹಾಕಿ, ಸ್ವಿಚ್ಚಿನ ಅಂಕಿಅಂಶ ಎಸ್‌ಎನ್‌ಎಂಪಿಲಿ ತರಿಸಿ ಗ್ರಾಫ್ ಮಾಡಿದ್ದೆ, ಏನೂ ಅವಶ್ಯ ಇರ್ಲಿಲ್ಲ, ಆದ್ರೆ ಓನರ್‌ಗೆ ಸೀರಿಯಲ್‌ಗಿಂತ ಅದೇ ಇಷ್ಟ ಆಗೋಗಿದೆ. ಈಗ ಮಾರತ್ತಹಳ್ಳಿ ಪಿಜಿಗೂ ಹಿಂಗೇ ಮಾಡ್ಕೊಡಿ ಅಂತಿದಾರೆ, ಸ್ಪೇರ್ ಸ್ವಿಚ್ ಒಂದು ಸೇರಿಸಿ ಈ ಸಲ ರೇಟ್ ಸ್ವಲ್ಪ ಏರ್ಸಿ ಹೇಳಿದೀನಿ.