ಲಕ್ಕಿ ಸೊಪ್ಪಿನ ಸಂಯುಕ್ತಗಳನ್ನು ಕಂಪ್ಯೂಟರಿನಲ್ಲಿ ಜರಡಿ ಹಿಡಿದ ಬಗೆ

ಬಾತುಕೊಂಡ ಮಂಡಿಗೆ ಲಕ್ಕಿ ಸೊಪ್ಪನ್ನು ಬಿಸಿ ಮಾಡಿ ಕಟ್ಟುವ ರೂಢಿ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ವೈಟೆಕ್ಸ್ ನೆಗುಂಡೊ ಎಂಬ ಸಸ್ಯಶಾಸ್ತ್ರೀಯ ಹೆಸರಿನ ಈ ಗಿಡದ ಯಾವ ಸಂಯುಕ್ತಗಳು ಉರಿಯೂತವನ್ನು ತಗ್ಗಿಸಬಲ್ಲವು ಎಂಬುದನ್ನು ಪ್ರಯೋಗಾಲಯಕ್ಕೆ ಒಯ್ಯುವ ಮೊದಲು ಕಂಪ್ಯೂಟರಿನಲ್ಲಿ ಜರಡಿ ಹಿಡಿದು ನೋಡುವ ಕೆಲಸವನ್ನು ನಾನು ವಿದ್ಯಾರ್ಥಿಗಳೊಡನೆ ಕೈಗೊಂಡೆ. ಸಂಯುಕ್ತವೊಂದು ಗುರಿಯ ಪ್ರೋಟೀನಿಗೆ ಎಷ್ಟು ಬಿಗಿಯಾಗಿ ಅಂಟೀತು ಎಂದು ತಂತ್ರಾಂಶ ಕೊಟ್ಟ ಅಂದಾಜಿನ ಅಂಕಿಯನ್ನೇ ಫಲಿತಾಂಶವೆಂದು ಬರೆದುಬಿಡುವುದು ಈ ಕ್ಷೇತ್ರದಲ್ಲಿ ತೀರ ಸಾಮಾನ್ಯವಾಗಿರುವುದರಿಂದ, ಆ ಅಂಕಿಯನ್ನು ನಾವು ಹೇಗೆ ಓದಿದೆವು ಎಂಬುದನ್ನು ತುಸು ವಿವರವಾಗಿ ಹೇಳಬೇಕೆನಿಸಿದೆ.

ಸಂಯುಕ್ತಗಳ ರಚನೆಗಳನ್ನು ಚೆನ್ನೈನ ಗಣಿತ ವಿಜ್ಞಾನಗಳ ಸಂಸ್ಥೆಯಲ್ಲಿ ರೂಪುಗೊಂಡ ಇಂಪ್ಯಾಟ್ ದತ್ತಸಂಚಯದಿಂದ ಇಳಿಸಿಕೊಂಡೆವು. ಅದರ ಎರಡನೆಯ ಆವೃತ್ತಿಯಲ್ಲಿ ಭಾರತದ 4,010 ಔಷಧೀಯ ಸಸ್ಯಗಳ 17,967 ಸಂಯುಕ್ತಗಳ ವಿವರವಿದೆ. ಗುರಿಯಾಗಿ ಆರಿಸಿಕೊಂಡದ್ದು ಕಾಕ್ಸ್-2 (ಸೈಕ್ಲೊಆಕ್ಸಿಜಿನೇಸ್-2) ಕಿಣ್ವ. ಅರಾಕಿಡೋನಿಕ್ ಆಮ್ಲದಿಂದ, ಉರಿಯೂತಕ್ಕೆ ಕಾರಣವಾಗುವ ಪ್ರೊಸ್ಟಗ್ಲಾಂಡಿನ್‌ಗಳು ತಯಾರಾಗುವ ಹಾದಿಯ ಈ ಕಿಣ್ವಕ್ಕೆ, ಹೊಟ್ಟೆಯ ಒಳಪದರವನ್ನು ಕಾಪಾಡುವ ಕಾಕ್ಸ್-1 ಹತ್ತಿರದ ಸಂಬಂಧಿ. ಅಮೈನೊ ಆಮ್ಲಗಳ ಸರಪಳಿಯ 523ನೆಯ ಸ್ಥಾನದಲ್ಲಿ ಕಾಕ್ಸ್-1ಕ್ಕೆ ಐಸೊಲ್ಯೂಸಿನ್ ಇದ್ದರೆ ಕಾಕ್ಸ್-2ಕ್ಕೆ ಅದಕ್ಕಿಂತ ಚಿಕ್ಕದಾದ ವ್ಯಾಲಿನ್ ಇದೆ. ಇಷ್ಟೇ ವ್ಯತ್ಯಾಸದಿಂದ ಪಕ್ಕದಲ್ಲೊಂದು ಪುಟ್ಟ ಪೊಳ್ಳು ತೆರೆದುಕೊಳ್ಳುತ್ತದೆ. ಕಾಕ್ಸ್-2ನ್ನು ಮಾತ್ರ ಹಿಡಿಯುವ ಔಷಧಗಳು ಕೂರುವುದು ಅಲ್ಲಿಯೇ. ಆದ್ದರಿಂದ ಪ್ರತಿ ಸಂಯುಕ್ತವನ್ನೂ ಎರಡೂ ಕಿಣ್ವಗಳಲ್ಲಿ ಕೂರಿಸಿ ನೋಡಿದೆವು.

ಪ್ರೋಟೀನ್ ಡೇಟಾ ಬ್ಯಾಂಕಿನಿಂದ 5ಕೆಐಆರ್ ಎಂಬ ರಚನೆಯನ್ನು ತೆಗೆದುಕೊಂಡೆವು. ಅದರಲ್ಲಿ ಮಾನವ ಕಾಕ್ಸ್-2 ಜೊತೆಗೆ ರೋಫೆಕಾಕ್ಸಿಬ್ ಔಷಧದ ಅಣು ಸೇರಿಕೊಂಡಿದೆ. ನೀರಿನ ಅಣುಗಳನ್ನು ತೆಗೆದು, ಹೈಡ್ರೋಜನ್‌ಗಳನ್ನು ಸೇರಿಸಿ, ಕಿಣ್ವದ ಕೆಲಸಕ್ಕೆ ಬೇಕಾದ, ಕಬ್ಬಿಣವುಳ್ಳ ಹೀಮ್ ಅನ್ನು ಮಾತ್ರ ಇದ್ದ ಹಾಗೆಯೇ ಉಳಿಸಿದೆವು. ಸಸ್ಯದ ಸಂಯುಕ್ತಗಳನ್ನು ಮುಟ್ಟುವ ಮೊದಲೇ ರೋಫೆಕಾಕ್ಸಿಬ್ ಅನ್ನು ಹೊರತೆಗೆದು, ಅಣುವನ್ನು ಪ್ರೋಟೀನಿನಲ್ಲಿ ಕೂರಿಸಿ ನೋಡುವ, ಅಂದರೆ ಡಾಕಿಂಗ್ ಮಾಡುವ, ಆಟೋಡಾಕ್ ವೀನಾ ತಂತ್ರಾಂಶದ ಮೂಲಕ ಮತ್ತೆ ಒಳಗೆ ಕೂರಿಸಿದೆವು. ಸ್ಫಟಿಕದಲ್ಲಿ ಕಂಡ ಭಂಗಿಗೂ ತಂತ್ರಾಂಶ ಸೂಚಿಸಿದ ಭಂಗಿಗೂ ನಡುವಿನ ಅಂತರ 2 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ಒಳಗೆ ಬಂದ ಮೇಲಷ್ಟೇ ಮುಂದಿನ ಹೆಜ್ಜೆಯಿಟ್ಟೆವು. ಈ ತಾಳೆ ನೋಡದೆ ಮಾಡಿದ ಡಾಕಿಂಗ್ ಅನ್ನು ನಾನು ನಂಬುವುದಿಲ್ಲ.

ಪಟ್ಟಿ ಕೈಗೆ ಬಂದಾಗ ಮೇಲ್ತುದಿಯಲ್ಲಿ ಸಕ್ಕರೆ ಅಂಟಿಕೊಂಡ ದೊಡ್ಡ ಗ್ಲೈಕೊಸೈಡ್‌ಗಳೇ ತುಂಬಿದ್ದವು. ಅಣು ದೊಡ್ಡದಾದಷ್ಟೂ ಪ್ರೋಟೀನಿನೊಡನೆ ತಾಗುವ ಜಾಗಗಳು ಹೆಚ್ಚುತ್ತವೆ, ಅದರಿಂದ ಬಂಧನದ ಶಕ್ತಿಯ ಅಂಕಿಯೂ ಉಬ್ಬುತ್ತದೆ. ಭಂಗಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಾಗ, ಹಲವು ಗ್ಲೈಕೊಸೈಡ್‌ಗಳ ಸಕ್ಕರೆಯ ಭಾಗ ಅಣುಗಳು ಒಳಹೋಗುವ ಕಿಣ್ವದ ಸುರಂಗದ ಬಾಯಲ್ಲಿಯೇ ಉಳಿದು, 120ನೆಯ ಆರ್ಜಿನಿನ್ ಸುತ್ತಲಿನ ಹೊರವಲಯದಲ್ಲಿ ಹೈಡ್ರೋಜನ್ ಬಂಧಗಳನ್ನು ಕೂಡಿಸಿಕೊಂಡಿತ್ತು. ಕ್ಯಾಸ್ಟಿಸಿನ್ ಎಂಬ ಫ್ಲೇವೊನಾಯ್ಡ್‌ನ ಅಣುತೂಕ ಸುಮಾರು 374. ಅಂಕಿಯಲ್ಲಿ ಅದು ಹಿಂದಿದ್ದರೂ ಪೂರ್ತಿಯಾಗಿ ಸುರಂಗದೊಳಗೆ ಕುಳಿತಿತ್ತು. ಅಂಕಿಯನ್ನು ಹೈಡ್ರೋಜನ್ ಬಿಟ್ಟು ಉಳಿದ ಪರಮಾಣುಗಳ ಸಂಖ್ಯೆಯಿಂದ ಭಾಗಿಸಿದಾಗ ಪಟ್ಟಿಯ ಕ್ರಮವೇ ಬದಲಾಯಿತು. ನುಂಗಿದ ಮೇಲೆ ಕರುಳಿನ ಬ್ಯಾಕ್ಟೀರಿಯಾಗಳು ಎಷ್ಟೋ ಗ್ಲೈಕೊಸೈಡ್‌ಗಳ ಸಕ್ಕರೆಯನ್ನು ಕತ್ತರಿಸಿಬಿಡುತ್ತವೆ ಎಂಬುದನ್ನೂ ಇದರೊಡನೆ ನೆನೆಯಬೇಕು.

ಸಂಯುಕ್ತವನ್ನು ದೇಹ ಹೇಗೆ ಹೀರಿಕೊಂಡೀತು ಎಂದು ಅಂದಾಜಿಸುವ ಸ್ವಿಸ್‌ಎಡಿಎಂಇ ಎಂಬ ಸಾಧನ ಮತ್ತು ನುಂಗುವ ಔಷಧದ ಅಣು ಹೇಗಿರಬೇಕೆಂದು ಹೇಳುವ ಲಿಪಿನ್‌ಸ್ಕಿಯ ನಿಯಮಗಳಿಂದ ಇನ್ನಷ್ಟು ಹೆಸರುಗಳು ಉದುರಿದವು. ಹೋಲಿಕೆಗೆಂದು ಸೇರಿಸಿಕೊಂಡಿದ್ದ ನೆಲಬೇವಿನ ಆಂಡ್ರೊಗ್ರಾಫೊಲೈಡ್ ಕಲಿಸಿದ್ದು ಬೇರೆಯದೇ ಪಾಠ: ಅದು ಉರಿಯೂತದ ಜೀನುಗಳನ್ನು ಚಾಲನೆಗೊಳಿಸುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನಿನ ಪಿ50 ಘಟಕದ 62ನೆಯ ಸಿಸ್ಟೀನ್‌ಗೆ, ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುವ ಗಟ್ಟಿ ಕೋವೇಲೆಂಟ್ ಬಂಧದಿಂದ ಅಂಟಿಕೊಳ್ಳುತ್ತದೆ, ಸಾಮಾನ್ಯ ಡಾಕಿಂಗ್‌ಗೆ ಅಂತಹ ಬಂಧ ಕಾಣುವುದೇ ಇಲ್ಲ. ಗುರಿಯೇ ಬೇರೆಯಾಗಿ, ಬಂಧದ ಬಗೆಯೂ ಬೇರೆಯಾದಾಗ ಕಾಕ್ಸ್-2ರಲ್ಲಿ ಅದಕ್ಕೆ ಸಿಕ್ಕ ಅಂಕಿಯಿಂದ ಏನನ್ನೂ ತೀರ್ಮಾನಿಸಲಾಗದು. ಇನ್ನು ನಾವು ಅಳತೆಗೋಲಾಗಿ ಬಳಸಿದ ರೋಫೆಕಾಕ್ಸಿಬ್ ಕಾಕ್ಸ್-2ನ್ನು ಸೊಗಸಾಗಿ ಹಿಡಿಯುವ ಔಷಧವೇ ಆಗಿದ್ದರೂ, ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಕಂಡುಬಂದು 2004ರಲ್ಲಿ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಬಂಧನದ ಬಲ ಒಂದು ಮಾತು, ದೇಹದಲ್ಲಿ ಆಗುವುದು ಇನ್ನೊಂದು.

ಕೊನೆಗೆ ಕ್ಯಾಸ್ಟಿಸಿನ್ ಸೇರಿದಂತೆ ಕೆಲವೇ ಸಂಯುಕ್ತಗಳನ್ನು ಕಿಣ್ವ ಪರೀಕ್ಷೆಗೂ, ಆರ್‌ಎಡಬ್ಲ್ಯು 264.7 ಎಂಬ ಇಲಿಯ ರೋಗನಿರೋಧಕ ಕೋಶಗಳ ಮೇಲಿನ ಪರೀಕ್ಷೆಗೂ ಸೂಚಿಸಿದೆವು. ಕಂಪ್ಯೂಟರ್ ತಳ್ಳಿಹಾಕಿದ ಒಂದೆರಡು ಸಂಯುಕ್ತಗಳನ್ನೂ ಅವುಗಳೊಡನೆ ಸೇರಿಸಬೇಕೆಂದು ನಾನು ಪಟ್ಟು ಹಿಡಿದೆ. ಅವೂ ಕಿಣ್ವವನ್ನು ತಡೆದರೆ ನಮ್ಮ ಜರಡಿಯ ಕಣ್ಣುಗಳನ್ನೇ ಮತ್ತೆ ಪರಿಶೀಲಿಸಬೇಕಾಗುತ್ತದೆ.