ವಿಟಿಯು ಕೈಬರಹದಿಂದ ಗೇಟ್ ಮೌಸ್‌ಗೆ: ಸಿವಿಲ್ ಹುಡುಗನ ಅನುಭವ

ಎಂಟೆಕ್ ಸೇರೋಕೆ ಬರೆಯೋ ಗೇಟ್ ಎಕ್ಸಾಮ್‌ಗೆ ಯಾವ ಬುಕ್ ಓದ್ಬೇಕು ಅಂತ ಜೂನಿಯರ್ಸ್ ಕೇಳ್ತಾನೇ ಇರ್ತಾರೆ. ಬುಕ್ ದೊಡ್ಡ ವಿಷ್ಯ ಅಲ್ಲ ಕಣ್ರೋ, ವಿಟಿಯು (ನಮ್ಮ ಇಂಜಿನಿಯರಿಂಗ್ ಯೂನಿವರ್ಸಿಟಿ) ಎಕ್ಸಾಮ್ ಬರೆದೂ ಬರೆದೂ ಕೈಗೆ ಅಂಟಿರತ್ತಲ್ಲ ಒಂದು ಅಭ್ಯಾಸ, ಅದನ್ನ ಬಿಡಿಸೋದಕ್ಕೇ ನಂಗೆ ಜಾಸ್ತಿ ಟೈಮ್ ಹಿಡೀತು. ಸೆಮ್ ಎಕ್ಸಾಮಲ್ಲಿ ಏನ್ ಮಾಡ್ತೀವಿ, ಗಿವನ್ ಡೇಟಾ ಬರೀತೀವಿ, ನೀಟಾಗಿ ಫಿಗರ್ ಹಾಕ್ತೀವಿ, ಫಾರ್ಮುಲಾ ಸುತ್ತ ಬಾಕ್ಸ್ ಹೊಡೀತೀವಿ, ಕೊನೇಲಿ ಆನ್ಸರ್ ತಪ್ಪಿದ್ರೂ ಸ್ಟೆಪ್ ಮಾರ್ಕ್ಸ್ ಬರತ್ತೆ, ಒಂದು ಪ್ರಶ್ನೆ ಬರ್ಲಿಲ್ಲ ಅಂದ್ರೆ ಅದೇ ಮಾಡ್ಯೂಲಲ್ಲಿ ಇನ್ನೊಂದು ಇರತ್ತೆ. ಗೇಟಲ್ಲಿ 3 ಗಂಟೆ, 65 ಪ್ರಶ್ನೆ, 100 ಮಾರ್ಕ್ಸ್, ಚಾಯ್ಸ್ ಇಲ್ಲ, ನೀವು ಹೆಂಗ್ ಮಾಡಿದ್ರಿ ಅಂತ ಯಾರೂ ನೋಡಲ್ಲ.

ನ್ಯೂಮರಿಕಲ್ ಪ್ರಶ್ನೆಗಳಲ್ಲಿ ಇದು ಚೆನ್ನಾಗಿ ಗೊತ್ತಾಗತ್ತೆ. ಆಪ್ಶನ್ ಇರಲ್ಲ, ನಂಬರ್ ಹಾಕ್ಬೇಕು, ಆನ್ಸರ್ ಕೀನಲ್ಲಿ ಕೊಟ್ಟಿರೋ ರೇಂಜೊಳಗೆ ಬಿದ್ರೆ ಪೂರ್ತಿ ಮಾರ್ಕ್ಸ್, ಇಲ್ಲಾಂದ್ರೆ ಸೊನ್ನೆ. ಕನ್ಸಾಲಿಡೇಶನ್ ಸೆಟಲ್‌ಮೆಂಟ್ (ಭಾರಕ್ಕೆ ಮಣ್ಣು ಎಷ್ಟು ಕುಸಿಯತ್ತೆ ಅನ್ನೋ) ಲೆಕ್ಕ ಪೂರ್ತಿ ಸರಿ ಮಾಡಿ ಮೀಟರಲ್ಲಿ ಉತ್ತರ ಹಾಕಿದ್ರೆ, ಅವ್ರು ಮಿಲಿಮೀಟರಲ್ಲಿ ಕೇಳಿರ್ತಾರೆ, ಮುಗೀತು. ಅದಕ್ಕೆ ನಾನು ಮೊದ್ಲು ಪ್ರಶ್ನೆಯ ಕೊನೇ ಸಾಲು ಓದಿ, ಯಾವ ಯೂನಿಟ್, ಎಷ್ಟು ಡೆಸಿಮಲ್ ಅಂತ ಸ್ಕ್ರಿಬಲ್ ಪ್ಯಾಡಲ್ಲಿ ಬರ್ಕೊಂಡು ಆಮೇಲೆ ಲೆಕ್ಕಕ್ಕೆ ಕೈ ಹಾಕೋದು ರೂಢಿ ಮಾಡ್ಕೊಂಡೆ. ಇನ್ನೊಂದು, ಕ್ಯಾಲ್ಕುಲೇಟರ್. ನಮ್ಮದು ಒಳಗೆ ಬಿಡಲ್ಲ, ಸ್ಕ್ರೀನ್ ಮೇಲಿರೋದನ್ನೇ ಮೌಸಲ್ಲಿ ಒತ್ತಬೇಕು. ಕ್ಯಾಸಿಯೋ ಬೀರು ಒಳಗಿಟ್ಟು ಆ ವರ್ಚುವಲ್ ಕ್ಯಾಲ್ಕುಲೇಟರಲ್ಲೇ ಹಳೇ ಪೇಪರ್ ಬಿಡಿಸ್ದೆ. ಎಲ್‌ಎನ್, ಲಾಗ್ ಎರಡೂ ಬಟನ್ ಇರತ್ತೆ, ಸೆಟಲ್‌ಮೆಂಟ್‌ಗೆ ಬೇಕಾಗಿರೋದು ಬೇಸ್ 10 ಇರೋ ಲಾಗ್, ಅವಸರದಲ್ಲಿ ಎಲ್‌ಎನ್ ಒತ್ತೋದು ಸುಲಭ.

ನೆಗೆಟಿವ್ ಮಾರ್ಕಿಂಗ್ ಅಂದ್ರೆ ನಮ್ಮ ಕಡೆ ಹುಡುಗ್ರು ಸುಮ್ನೆ ಹೆದರ್ತಾರೆ. ಅದಿರೋದು ಒಂದೇ ಸರಿಯುತ್ತರ ಇರೋ ಆಪ್ಶನ್ ಪ್ರಶ್ನೆಗೆ ಮಾತ್ರ: 1 ಮಾರ್ಕಿಂದಕ್ಕೆ ಮೂರನೇ ಒಂದು ಭಾಗ, 2 ಮಾರ್ಕಿಂದಕ್ಕೆ ಮೂರನೇ ಎರಡು ಭಾಗ ಕಟ್. ಕಣ್ಮುಚ್ಚಿ ಒಂದಕ್ಕೆ ಟಿಕ್ ಹಾಕಿದ್ರೆ ಸರಾಸರೀಲಿ ಲಾಭನೂ ಇಲ್ಲ ನಷ್ಟನೂ ಇಲ್ಲ, ಆದ್ರೆ ನಾಲ್ಕರಲ್ಲಿ ಒಂದು ಖಂಡಿತ ಅಲ್ಲ ಅಂತ ಗೊತ್ತಾದ ತಕ್ಷಣ ಲೆಕ್ಕ ನಮ್ಮ ಕಡೆ ವಾಲತ್ತೆ. ನ್ಯೂಮರಿಕಲ್‌ಗೂ 2021ರಿಂದ ಬಂದಿರೋ ಒಂದಕ್ಕಿಂತ ಜಾಸ್ತಿ ಸರಿಯುತ್ತರದ ಪ್ರಶ್ನೆಗೂ ನೆಗೆಟಿವ್ ಇಲ್ಲ, ಅವನ್ನ ಖಾಲಿ ಬಿಡೋದು ಶುದ್ಧ ದಡ್ಡತನ.

ನಾನು ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ, ಜನರಲ್ ಆಪ್ಟಿಟ್ಯೂಡಲ್ಲಿ ಇಂಗ್ಲಿಷ್ ಬರತ್ತೆ ಅಂತ ಅಳುಕಿತ್ತು. ಆ 15 ಮಾರ್ಕ್ಸಲ್ಲಿ ಇಂಗ್ಲಿಷ್ ಸ್ವಲ್ಪಾನೇ, ಉಳಿದದ್ದು ಪರ್ಸೆಂಟೇಜ್, ಲಾಜಿಕ್, ಪೇಪರ್ ಮಡಚಿ ಕತ್ತರಿಸೋ ಚಿತ್ರ ಇಂಥವು. ಮ್ಯಾತ್ಸಿಂದು ಸುಮಾರು 13 ಸೇರಿಸಿದ್ರೆ ಕಾಲು ಭಾಗಕ್ಕಿಂತ ಜಾಸ್ತಿ ಆಯ್ತು, ಸಿವಿಲ್ ಮುಟ್ಟೋಕ್ ಮುಂಚೇನೇ. ದಿನಾ ಬೆಳಿಗ್ಗೆ ಇವೆರಡೇ, ಕಾಲೇಜಿಂದ ಬಂದ್ಮೇಲೆ ಸಾಯಿಲ್, ಫ್ಲೂಯಿಡ್ಸ್, ಎನ್ವಿರಾನ್‌ಮೆಂಟ್. ಡೌಟ್ ಬಂದ್ರೆ ಎನ್‌ಪಿಟಿಇಎಲ್ (ಐಐಟಿ ಮೇಷ್ಟ್ರುಗಳ ಆನ್‌ಲೈನ್ ಪಾಠ) ವಿಡಿಯೋ, ದುಡ್ಡು ಖರ್ಚಿಲ್ಲ.

ಫೆಬ್ರವರೀಲಿ ಹುಬ್ಳಿ ಸೆಂಟರಲ್ಲಿ ಬರೆದೆ. ಸಿವಿಲ್ ಎರಡು ಸೆಷನ್ನಲ್ಲಿ ನಡೆಯತ್ತೆ, ಸಂಜೆ ಹೊತ್ತಿಗೆ ವಾಟ್ಸಾಪಲ್ಲಿ ನಿಮ್ಮದು ಈಸಿ ನಮ್ಮದು ಟಫ್ ಅಂತ ಜಗಳ ಶುರು. ನಾರ್ಮಲೈಸೇಶನ್ ಇರೋದೇ ಅದಕ್ಕೆ, ಎರಡೂ ಸೆಷನ್ನಿನ ಮಾರ್ಕ್ಸ್ ಸಮ ಮಾಡಿನೇ ರ್‍ಯಾಂಕ್ ಕೊಡ್ತಾರೆ. ಸ್ಕೋರ್ ಕಾರ್ಡಲ್ಲಿ 100ಕ್ಕೆ ಎಷ್ಟು ಅನ್ನೋದರ ಜೊತೆ 1000ಕ್ಕೊಂದು ಸ್ಕೋರೂ ಇರತ್ತೆ, ಜನರಲ್ ಕಟಾಫ್ ಮಾರ್ಕ್ಸಿಗೆ ಅದು 350, ನೋಡಿ ಗಾಬರಿ ಬೀಳ್ಬೇಡಿ. 3 ವರ್ಷ ವ್ಯಾಲಿಡಿಟಿ. ಐಐಟಿ ಎಂಟೆಕ್ ಸೀಟಿನ ಆಫರ್‌ಗಳು ಸಿಒಎಪಿ ಪೋರ್ಟಲ್ಲಲ್ಲಿ, ಸುರತ್ಕಲ್ ಥರದ ಎನ್‌ಐಟಿಗಳಿಗೆ ಸಿಸಿಎಂಟಿ ಕೌನ್ಸೆಲಿಂಗ್, ಎರಡಕ್ಕೂ ಬೇರೆ ಬೇರೆ ರಿಜಿಸ್ಟರ್ ಆಗ್ಬೇಕು, ಡೇಟ್ ಮಿಸ್ ಮಾಡ್ಕೋಬೇಡಿ.