ಬೋರ್ಡಿನಲ್ಲಿ ಒಂದು, ಬಾಯಲ್ಲಿ ಇನ್ನೊಂದು: ಬ್ರಿಟನ್ನಿಗೆ ಬಂದ ಹೊಸಬರಿಗೆ ಊರ ಹೆಸರುಗಳು

ಮೊದಲು ನಮ್ಮ ಊರಿನಿಂದಲೇ ಶುರು ಮಾಡುತ್ತೇನೆ. ನಾನಿರುವುದು ರೆಡಿಂಗ್‌ನಲ್ಲಿ. ಐಟಿ ಕೆಲಸಕ್ಕೆ ಬರುವ ನಮ್ಮವರು ಈ ಕಡೆ ತುಂಬಾ ಜನ ಇದ್ದಾರೆ. ಹೆಸರಿನ ಅಕ್ಷರಗಳು 'ಓದುವುದು' ಅನ್ನುವ ಇಂಗ್ಲಿಷ್ ಪದದವೇ, ಹಾಗಾಗಿ ಆಫರ್ ಲೆಟರ್ ಕೈಗೆ ಬಂದ ದಿನದಿಂದ ಎಲ್ಲರೂ ರೀಡಿಂಗ್, ರೀಡಿಂಗ್ ಅಂತಲೇ ಮನೆಯವರಿಗೆ ಹೇಳಿಕೊಂಡು ಬರುತ್ತಾರೆ. ಅದು ರೀಡಿಂಗ್ ಅಲ್ಲ. ಕೆಂಪು ಬಣ್ಣದ ರೆಡ್ ಇದೆಯಲ್ಲ, ಆ ರೆಡ್. ನಾನು ಬಂದ ಮೊದಲ ವಾರ ಲಂಡನ್ನಿನ ಸ್ಟೇಷನ್ ಒಂದರಲ್ಲಿ ಟಿಕೆಟ್ ಕೇಳಿದಾಗ ಕೌಂಟರಿನ ಹೆಂಗಸು ಮೂರು ಸಲ 'ಎಲ್ಲಿಗೆ?' ಅಂದರು. ಕೊನೆಗೆ ಫೋನಿನಲ್ಲಿ ಹೆಸರು ತೋರಿಸಿದೆ. 'ಓ, ರೆಡಿಂಗ್!' ಅಂದರು, ಟಿಕೆಟ್ ಕೊಟ್ಟರು. ಅಷ್ಟೇ ನಡೆದದ್ದು. ಆದರೆ ರೈಲಿನಲ್ಲಿ ಕೂತ ಮೇಲೂ ಮನಸ್ಸು ಅಲ್ಲೇ ಇತ್ತು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು ನಾನು, ಇಳಿಯುವ ಊರಿನ ಹೆಸರೇ ಬರಲಿಲ್ಲವಲ್ಲ ಅಂತ.

ಇದು ನಿಮಗೂ ಆಗುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ತಪ್ಪಾಗುವುದು ಇಂಗ್ಲಿಷ್ ಬರದೇ ಇರುವುದರಿಂದ ಅಲ್ಲ. ಕನ್ನಡದಲ್ಲಿ ಬರೆದದ್ದನ್ನೇ ಓದುತ್ತೇವೆ, ಓದಿದ್ದನ್ನೇ ಬರೆಯುತ್ತೇವೆ, ಚಿಕ್ಕಂದಿನಿಂದ ಅದೇ ರೂಢಿ. ಇಲ್ಲಿಯ ಊರುಗಳ ಬರಹ ನೂರಾರು ವರ್ಷ ಹಿಂದಿನದು. ಬರಹ ಅಲ್ಲೇ ನಿಂತಿತು, ಜನರ ನಾಲಿಗೆ ಸವೆಸುತ್ತಾ ಮುಂದೆ ಹೋಯಿತು. ಬೋರ್ಡು ನೋಡಿ ಅಕ್ಷರ ಅಕ್ಷರವಾಗಿ ಓದುವವರು ಸಿಕ್ಕಿಬೀಳುತ್ತಾರೆ, ಕಿವಿಯಿಂದ ಕಲಿತವರು ಪಾರಾಗುತ್ತಾರೆ.

ಇದು ನನಗೆ ಗೊತ್ತಾದದ್ದು ಅಮ್ಮನಿಂದ. ಅಮ್ಮ ಆರು ತಿಂಗಳಿಗೆ ಅಂತ ಬಂದರು, ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಇಂಗ್ಲಿಷ್ ಬೋರ್ಡು ಓದುವ ಗೋಜಿಗೇ ಹೋಗಲಿಲ್ಲ. ಬಸ್ಸಿನಲ್ಲಿ, ಪಾರ್ಕಿನ ಬೆಂಚಿನಲ್ಲಿ, ಪಕ್ಕದ ಮನೆಯ ಗುಜರಾತಿ ಅಜ್ಜಿಯ ಬಾಯಲ್ಲಿ ಕೇಳಿದ ಹೆಸರನ್ನು ಊರಿಂದ ತಂದ ಕ್ಯಾಲೆಂಡರಿನ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದರು. ಒಂದು ದಿನ 'ಆ ಅಜ್ಜಿಯ ತಮ್ಮ ಲೆಸ್ಟರ್‌ನಲ್ಲಿ ಇದ್ದಾನಂತೆ ಕಣೋ' ಅಂದರು. ಅದು ಯಾವ ಊರು ಅಂತ ನನಗೆ ಹೊಳೆಯಲೇ ಇಲ್ಲ, ಏಕೆಂದರೆ ನನ್ನ ತಲೆಯಲ್ಲಿ ಅದು ಲೈಸೆಸ್ಟರ್ ಆಗಿತ್ತು. ಅಮ್ಮನದೇ ಸರಿ. ಅವತ್ತಿನಿಂದ ಆ ಪಟ್ಟಿಗೆ ನಾನೂ ಬರೆಯಲು ಶುರು ಮಾಡಿದೆ.

ಲೆಸ್ಟರ್‌ಗೆ ಅಣ್ಣ ತಮ್ಮಂದಿರು ಇದ್ದಾರೆ. ಬರಹದಲ್ಲಿ 'ಸೆಸ್ಟರ್' ಅಂತ ಕೊನೆಯಾಗುವ ಊರುಗಳವು. ರೋಮನ್ನರು ಈ ನಾಡನ್ನು ಕ್ರಿ.ಶ. 43ರಿಂದ ಸುಮಾರು 410ರವರೆಗೆ ಆಳಿದರು, ಅವರ ಕೋಟೆ ಇದ್ದ ಎಷ್ಟೋ ಕಡೆ ಆ ಬಾಲ ಅಂಟಿಕೊಂಡಿತು. ಲ್ಯಾಟಿನ್ನಿನಲ್ಲಿ ಕಾಸ್ತ್ರ ಅಂದರೆ ದಂಡಿನ ಪಾಳೆಯ. ಮ್ಯಾಂಚೆಸ್ಟರ್, ಲ್ಯಾಂಕಾಸ್ಟರ್, ಬರೀ ಚೆಸ್ಟರ್ ಎಲ್ಲವೂ ಅದೇ ಪದದವು, ಅವು ಓದಿದ ಹಾಗೇ ಇವೆ, ತೊಂದರೆ ಇಲ್ಲ. ತೊಂದರೆ ಕೊಡುವುದು ನಡುವಿನ 'ಸೆ' ನುಂಗುವ ಊರುಗಳು. ವೋರ್ಸೆಸ್ಟರ್ ಅಂತ ಕಾಣುವುದು ವುಸ್ಟರ್. ಗ್ಲೌಸೆಸ್ಟರ್ ಅಂತ ಕಾಣುವುದು ಗ್ಲಾಸ್ಟರ್. ಮನೆಗೆ ಬಂದ ನೆಂಟರು ಶಾಪಿಂಗ್ ಅಂತ ಹಟ ಹಿಡಿದಾಗ ಕರೆದುಕೊಂಡು ಹೋಗುವ ಊರು ಬಿಸ್ಟರ್, ಬೈಸೆಸ್ಟರ್ ಅಲ್ಲ. ಸಿಲ್ವರ್‌ಸ್ಟೋನ್ ಕಾರ್ ರೇಸಿಗೆ ಹೋಗುವ ದಾರಿಯಲ್ಲಿ ಟೋಸ್ಟರ್ ಅಂತ ಒಂದು ಊರಿದೆ, ಬ್ರೆಡ್ ಕಾಯಿಸುವ ಟೋಸ್ಟರ್ ಹೇಗೋ ಹಾಗೇ ಹೇಳಬೇಕು, ಬೋರ್ಡಿನಲ್ಲಿ ಮಾತ್ರ ಟೌಸೆಸ್ಟರ್ ಅಂತ ಕಾಣುತ್ತದೆ. ಹೀಗೆ ಸೂತ್ರ ಸಿಕ್ಕಿತು ಅನ್ನುವಷ್ಟರಲ್ಲಿ ಸೈರನ್‌ಸೆಸ್ಟರ್ ಬರುತ್ತದೆ. ಅಲ್ಲಿ ಏನನ್ನೂ ನುಂಗುವುದಿಲ್ಲ, ಪೂರ್ತಿ ಹೇಳುತ್ತಾರೆ.

ಮುಂದಿನದು 'ವಿಚ್' ಮತ್ತು 'ವಿಕ್'. ಶಾಲೆಯ ಭೂಗೋಳದಲ್ಲಿ ಗ್ರೀನ್‌ವಿಚ್ ಅಂತ ಓದಿದ್ದೇವೆ, 1884ರಲ್ಲಿ ಶೂನ್ಯ ರೇಖಾಂಶ ಅಂತ ಒಪ್ಪಿಕೊಂಡ ಗೆರೆ ಹಾದುಹೋಗುವ ಜಾಗ. ಇಲ್ಲಿ ಬಂದು ಗ್ರೀನ್‌ವಿಚ್ ಅಂದರೆ ಜನಕ್ಕೆ ಅರ್ಥ ಆಗುತ್ತದೆ, ಆದರೆ ಅವರು ಹೇಳುವುದು ಗ್ರೆನಿಚ್. ವ ಬಿದ್ದುಹೋಗಿದೆ. ಅದೇ ರೀತಿ ವುಲಿಚ್, ಡಲಿಚ್, ನಾರಿಚ್. ನಾರಿಚ್‌ಗೆ ನಾರಿಜ್ ಅನ್ನುವವರೂ ಇದ್ದಾರೆ, ಎರಡೂ ನಡೆಯುತ್ತದೆ. ವಿದ್ಯಾರ್ಥಿಗಳಾಗಿ ಬರುವವರು ವಾರಿಕ್ ಯೂನಿವರ್ಸಿಟಿ ಅಂತ ಹೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ, ವಾರ್‌ವಿಕ್ ಅಲ್ಲ. ಇನ್ನೊಂದು ಮಾತು, ಆ ಕ್ಯಾಂಪಸ್ ಇರುವುದು ಕಾವೆಂಟ್ರಿಯ ಅಂಚಿನಲ್ಲಿ, ವಾರಿಕ್ ಊರಿನಲ್ಲಿ ಅಲ್ಲ, ಮನೆ ಹುಡುಕುವ ಮೊದಲು ನೆನಪಿರಲಿ. ಲಂಡನ್ನಿನ ಚಿಸಿಕ್, ಉತ್ತರದ ಕೆಸಿಕ್ ಇದೇ ದಾರಿ. ಕೋಟೆ ನೋಡಲು ಹೋಗುವ ಆನಿಕ್‌ನಲ್ಲಿ ಬರಹದ ಲ ಕೂಡ ಇಲ್ಲ. ಆದರೆ ಗ್ಯಾಟ್‌ವಿಕ್ ವಿಮಾನ ನಿಲ್ದಾಣದಲ್ಲಿ ವ ಗಟ್ಟಿಯಾಗಿ ಇದೆ, ಇಪ್ಸ್‌ವಿಚ್‌ನಲ್ಲೂ ಇದೆ. ಯಾಕೆ ಅಂತ ಕೇಳಿದರೆ ಆ ಊರಿನವರಿಗೂ ಗೊತ್ತಿರುವುದಿಲ್ಲ, ಹಾಗೆ ಹೇಳಿಕೊಂಡು ಬಂದಿದ್ದಾರೆ, ಅಷ್ಟೇ.

'ಹ್ಯಾಮ್' ಮಾತ್ರ ನಮಗೆ ಸುಲಭವಾಗಬೇಕು. ಬೆಂಗಳೂರಿನಲ್ಲಿ ಬೊಮ್ಮನಹಳ್ಳಿ ಅಂತ ಬರೆದು ಬೊಮ್ಮನಳ್ಳಿ ಅನ್ನುತ್ತೇವೆ, ಯಲಚೇನಹಳ್ಳಿ ಹೋಗಿ ಯಲಚೇನಳ್ಳಿ ಆಗುತ್ತದೆ. ಹಳ್ಳಿಯ ಹ ಮಾತಿನಲ್ಲಿ ಕರಗಿಹೋಗುತ್ತದೆ, ಯಾರೂ ಕಲಿಸಿದ್ದಲ್ಲ. ಇಲ್ಲಿಯ 'ಹ್ಯಾಮ್' ಅಂದರೂ ಹೆಚ್ಚು ಕಡಿಮೆ ಅದೇ, ಮನೆ, ಹಳ್ಳಿ ಅನ್ನುವ ಹಳೆಯ ಪದ, ಅದರ ಹ ಕೂಡ ಹಾಗೇ ಕರಗಿದೆ. ಬರ್ಮಿಂಗಂ, ನಾಟಿಂಗಂ, ಟಾಟನಂ, ಕ್ಲ್ಯಾಪಂ, ಬ್ಯಾಲಂ. ಒತ್ತು ಮೊದಲ ಅಕ್ಷರದ ಮೇಲೆ ಹಾಕಿ, ಕೊನೆಯದನ್ನು ಸುಮ್ನೆ ತೇಲಿಸಿ ಬಿಡಿ. ನಮ್ಮವರು 'ಬರ್ಮಿಂಗ್‌ಹ್ಯಾಮ್' ಅಂತ ಕೊನೆಗೆ ಜೋರು ಕೊಡುತ್ತಾರೆ, ಅಲ್ಲೇ ಕೇಳುವವರ ಕಿವಿ ಎಡವುವುದು. ಇನ್ನೊಂದು ಎಚ್ಚರ: ಹ್ಯಾಮ್‌ಗೆ ಮುಂಚೆ ಟಿ ಅಕ್ಷರ ಬಂದರೆ ಟಿ, ಎಚ್ ಎರಡೂ ಸೇರಿ ಥ ಅಂತ ಓದಬೇಕು ಅನಿಸುತ್ತದೆ. ಸ್ಟ್ರೆಟಂ, ಎಲ್ಟಂ, ಚ್ಯಾಟಂ, ಇವುಗಳಲ್ಲಿ ಥ ಇಲ್ಲ. ವಾಲ್ಥಮ್‌ಸ್ಟೋದಲ್ಲಿ ಇದೆ.

ಸ್ಲೌ ಮತ್ತು ಲಫ್‌ಬರ ಎರಡನ್ನೂ ಒಟ್ಟಿಗೆ ಕಲಿಯಿರಿ. ಒ-ಯು-ಜಿ-ಎಚ್ ಅನ್ನುವ ನಾಲ್ಕೇ ಅಕ್ಷರ ಸ್ಲೌನಲ್ಲಿ 'ಔ', ಲಫ್‌ಬರದ ಮೊದಲರ್ಧದಲ್ಲಿ 'ಅಫ್', ಅದೇ ಊರಿನ ಕೊನೆಯಲ್ಲಿ ಬರೀ 'ಅ'. ಎಡಿನ್‌ಬರೋ ಅಂತ ಕನ್ನಡ ಪತ್ರಿಕೆಗಳಲ್ಲಿ ಓದಿ ಬಂದಿರುತ್ತೀರಿ, ಸ್ಕಾಟ್ಲೆಂಡಿನವರು ಎಡಿನ್‌ಬ್ರ ಅನ್ನುತ್ತಾರೆ. ಕೌಂಟಿ ಅಂದರೆ ಇಲ್ಲಿಯ ಜಿಲ್ಲೆ, ಅವುಗಳ ಹೆಸರಿನ ಕೊನೆಯಲ್ಲಿರುವ 'ಶೈರ್' ಮಾತಿನಲ್ಲಿ ಶರ್ ಆಗುತ್ತದೆ. ರೆಡಿಂಗ್, ಸ್ಲೌ ಇರುವ ಕೌಂಟಿ ಬಾರ್ಕ್‌ಶರ್, ಬರ್ಕ್‌ಶೈರ್ ಅಲ್ಲ, ಡರ್ಬಿ ಅಂತ ಕಾಣುವುದು ಡಾರ್ಬಿ. ಮಿಲ್ಟನ್ ಕೀನ್ಸ್‌ಗೆ ಕೆಲಸಕ್ಕೆ ಹೋಗುವವರಿಗೆ, ವಿಶೇಷವಾಗಿ ಎಕನಾಮಿಕ್ಸ್ ಓದಿದವರಿಗೆ ಒಂದು ಮಾತು. ಅರ್ಥಶಾಸ್ತ್ರಜ್ಞ ಕೇನ್ಸ್, ಊರು ಕೀನ್ಸ್, ಅಕ್ಷರ ಎರಡಕ್ಕೂ ಒಂದೇ. ಬಾತ್ ಅನ್ನುವ ಊರನ್ನು ಬಿಸಿಬೇಳೆಬಾತಿನ ಬಾತ್ ಹಾಗೇ ದೀರ್ಘವಾಗಿ ಹೇಳಿ, ದಕ್ಷಿಣದಲ್ಲಿ ಅದೇ ನಡೆಯುತ್ತದೆ. ಉತ್ತರದವರು ಅದನ್ನು ಗಿಡ್ಡ ಮಾಡುತ್ತಾರೆ, ಅದೂ ತಪ್ಪಲ್ಲ.

ಲಂಡನ್ನಿಗೆ ಬಂದ ಕನ್ನಡಿಗರು ಒಮ್ಮೆಯಾದರೂ ಹೋಗುವ ಜಾಗ ಬಸವಣ್ಣನವರ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅದನ್ನು ಅನಾವರಣ ಮಾಡಿದರು. ಇರುವುದು ನದಿ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಲ್ಯಾಂಬತ್ ಅನ್ನುವ ಭಾಗದಲ್ಲಿ. ವಾಕ್ಸಾಲ್ ಸ್ಟೇಷನ್ನಿನಿಂದ ನಡೆದುಕೊಂಡು ಹೋಗಬಹುದು, ವಾಕ್ಸ್ ಆದಮೇಲೆ ಹ ತೇಲಿಸಿದರೆ ಸಾಕು. ನದಿಯ ಹೆಸರು ಟೆಮ್ಸ್. ನಮ್ಮ ಪಠ್ಯಪುಸ್ತಕದ ಥೇಮ್ಸ್ ಅಲ್ಲ. ಇದರ ಕತೆ ನನಗೆ ಇಷ್ಟ. ಹಿಂದೆ ಆ ಹೆಸರಿನ ಬರಹದಲ್ಲಿ ಎಚ್ ಇರಲೇ ಇಲ್ಲ, ಟೆಮೆಸೆ ಅಂತಲೇ ಬರೆಯುತ್ತಿದ್ದರು. ಓದಿದವರು ಪಾಂಡಿತ್ಯಕ್ಕೆ ಅಂತ ಆಮೇಲೆ ಎಚ್ ಸೇರಿಸಿದರು. ದೋಣಿ ನಡೆಸುವವರ ಬಾಯಿ ಅದನ್ನು ಒಪ್ಪಲಿಲ್ಲ, ಟ ಟವಾಗಿಯೇ ಉಳಿಯಿತು. ಆ ದಂಡೆಯಲ್ಲೇ ಕೆಳಗೆ ಹೋದರೆ ಸದರ್ಕ್ ಸಿಗುತ್ತದೆ, ಸೌತ್‌ವಾರ್ಕ್ ಅಂತ ಬರೆಯುವುದು. ಇನ್ನು ಪಶ್ಚಿಮದ ಸೌತಾಲ್‌ನಲ್ಲಿ ಸೌತ್ ಸೌತಾಗಿಯೇ ಇದೆ. ಟ್ಯೂಬಿನಲ್ಲಿ, ಅಂದರೆ ಲಂಡನ್ನಿನ ಮೆಟ್ರೋದಲ್ಲಿ, ಓಡಾಡುವವರು ಹೋಬನ್ (ಬರಹದಲ್ಲಿ ಹಾಲ್‌ಬಾರ್ನ್), ಮಾರ್ಲಬನ್ (ಮೇರಿಲೆಬೋನ್), ಪ್ಲಾಸ್ಟೋ (ಪ್ಲೈಸ್ಟೋ), ರೈಸ್ಲಿಪ್ (ರೂಯಿಸ್ಲಿಪ್) ಇವುಗಳನ್ನು ಬೋರ್ಡು ನೋಡಿ ಊಹಿಸಲು ಹೋಗಬೇಡಿ. ರೈಲಿನಲ್ಲಿ, ಬಸ್ಸಿನಲ್ಲಿ ಪ್ರತಿ ನಿಲ್ದಾಣದ ಹೆಸರನ್ನೂ ಧ್ವನಿಯಲ್ಲಿ ಹೇಳುತ್ತಾರೆ. ಮೊದಲ ಒಂದು ತಿಂಗಳು ಇಯರ್‌ಫೋನ್ ತೆಗೆದಿಟ್ಟು ಅದನ್ನು ಕೇಳಿ. ಇದಕ್ಕಿಂತ ಒಳ್ಳೆಯ ಪಾಠ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಫ್ರೆಂಚ್ ಹೆಸರುಗಳು ಬೇರೆ ಥರ. 1066ರಲ್ಲಿ ನಾರ್ಮನ್ನರು ಗೆದ್ದು ಬಂದ ಮೇಲೆ ಅವರ ಭಾಷೆಯ ಹೆಸರು ಬಂದವು, ಆದರೆ ಹೇಳಿದ್ದು ಇಲ್ಲಿಯ ನಾಲಿಗೆ. ಲೆಸ್ಟರ್ ಕಡೆಯ ಬೆಲ್ವಾರ್ ಕೋಟೆಯನ್ನು ಬೀವರ್ ಅನ್ನಬೇಕು. ಹಳೆಯ ಕಾರುಗಳ ಮ್ಯೂಸಿಯಂ ಇರುವ ಊರು ಬ್ಯೂಲಿ, ಬೋರ್ಡಿನಲ್ಲಿ ಬ್ಯೂಲ್ಯೂ ಅಂತ ಕಾಣುತ್ತದೆ. ಆಕ್ಸ್‌ಫರ್ಡ್, ಕೇಂಬ್ರಿಜ್ ನೋಡಲು ಹೋದರೆ ಎರಡು ಕಡೆಯೂ ಮಾಡ್ಲಿನ್ ಅನ್ನುವ ಕಾಲೇಜಿದೆ, ಅಕ್ಷರ ನೋಡಿ ಮ್ಯಾಗ್ಡಲೀನ್ ಅನ್ನಬೇಡಿ. ಕೇಂಬ್ರಿಜ್‌ನ ಕೀಸ್ ಕಾಲೇಜಿನ ಬರಹ ಕೈಯಸ್ ಅಂತ ಕಾಣುತ್ತದೆ.

ವೇಲ್ಸ್‌ಗೆ ಹೋದಾಗ ಹೆದರಬೇಡಿ, ನಿಜವಾಗಿ ಅಲ್ಲಿ ನಮಗೇ ಅನುಕೂಲ ಜಾಸ್ತಿ. ವೆಲ್ಶ್ ಕೂಡ ನಮ್ಮ ಹಾಗೆ ಬರೆದಂತೆ ಓದುವ ಭಾಷೆ, ಅಕ್ಷರಗಳ ಬೆಲೆ ಮಾತ್ರ ಬೇರೆ. ಡಬ್ಲ್ಯೂ ಬಂದರೆ ಸಾಮಾನ್ಯವಾಗಿ ಉ, ಒಂದೇ ಎಫ್ ಬಂದರೆ ವ. ರಸ್ತೆಯ ಮೇಲೆ ದೊಡ್ಡದಾಗಿ ಬರೆದಿರುವ ಅರಾವ್ ಅಂದರೆ ನಿಧಾನ. ಎಲ್ ಎರಡು ಬಂದರೆ ನಾಲಿಗೆಯನ್ನು ಲ ಹೇಳುವ ಜಾಗದಲ್ಲೇ ಇಟ್ಟು ಬರೀ ಗಾಳಿ ಊದಿ, ಅದಕ್ಕೆ ಕನ್ನಡದಲ್ಲಿ ಅಕ್ಷರ ಇಲ್ಲ. ಸ್ನೋಡನ್ ಬೆಟ್ಟಕ್ಕೆ ಅಲ್ಲಿಯ ನ್ಯಾಷನಲ್ ಪಾರ್ಕಿನವರು 2022ರಿಂದ ವೆಲ್ಶ್ ಹೆಸರನ್ನೇ ಬಳಸುತ್ತಾರೆ, ಅರ್ ವಿದ್ವ ಅಂತ, ಸುತ್ತಲಿನ ನಾಡು ಎರರಿ. 2014ರ ನವೆಂಬರ್ 1ರಂದು ಬೆಂಗಳೂರು, ಬೆಳಗಾವಿ, ಕಲಬುರಗಿ ಅಂತ ನಮ್ಮ 12 ಊರುಗಳ ಇಂಗ್ಲಿಷ್ ಬರಹ ಬದಲಾದಾಗ ನಮಗೆ ಹೇಗೆ ಅನಿಸಿತ್ತೋ ಅವರಿಗೂ ಹಾಗೇ. ಅಲ್ಲಿ ಚಾರಣಕ್ಕೆ ಹೋಗುವವರು ದಯವಿಟ್ಟು ಆ ಹೆಸರನ್ನೇ ಹೇಳಿ. ಸ್ಕಾಟ್ಲೆಂಡಿನಲ್ಲಿ ವೆಸ್ಟ್ ಹೈಲ್ಯಾಂಡ್ ವೇ ನಡೆಯುವವರು 96 ಮೈಲಿಯ ದಾರಿಯನ್ನು ಶುರು ಮಾಡುವ ಊರು ಮುಲ್‌ಗೈ. ಬೋರ್ಡಿನಲ್ಲಿ ಮಿಲ್ನ್‌ಗೇವಿ ಅಂತ ಕಾಣುತ್ತದೆ. ಲಂಡನ್ನಿನವರೇ ಅದನ್ನು ತಪ್ಪು ಹೇಳುತ್ತಾರೆ, ಹಾಗಾಗಿ ಕೇಳಲು ಸಂಕೋಚ ಬೇಡ. 'ನಿಮ್ಮ ಊರಿನ ಹೆಸರು ಹೇಗೆ ಹೇಳುತ್ತೀರಿ?' ಅಂದರೆ ಯಾರೂ ಬೇಜಾರು ಮಾಡಿಕೊಂಡದ್ದನ್ನು ನಾನು ನೋಡಿಲ್ಲ.

ಇನ್ನು ತುರ್ತಿನ ಮಾತು. ಪೊಲೀಸ್, ಆಂಬುಲೆನ್ಸ್ ಕರೆಯಲು 999ಕ್ಕೆ ಫೋನ್ ಮಾಡುವಾಗ, ಟ್ಯಾಕ್ಸಿ ಕರೆಯುವಾಗ, ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗ ಊರಿನ ಹೆಸರನ್ನೇ ನಂಬಿ ಕೂರಬೇಡಿ. ಮೊದಲು ಪೋಸ್ಟ್‌ಕೋಡ್ ಹೇಳಿ, ಒಂದೊಂದೇ ಅಕ್ಷರ ಬಿಡಿಸಿ, ಆಮೇಲೆ ಮನೆ ನಂಬರ್. ಇಲ್ಲಿಯ ಪೋಸ್ಟ್‌ಕೋಡ್ ನಮ್ಮ ಪಿನ್‌ಕೋಡಿನ ಹಾಗೆ ದೊಡ್ಡ ಪ್ರದೇಶಕ್ಕೆ ಅಲ್ಲ, ಬಹಳ ಕಡೆ ಒಂದು ಬೀದಿಯ ಕೆಲವೇ ಮನೆಗಳಿಗೆ ಒಂದು ಇರುತ್ತದೆ. ಅಪ್ಪ ಅಮ್ಮ ಬಂದಿದ್ದರೆ ಅವರಿಗೂ ಅದನ್ನು ಬಾಯಿಪಾಠ ಮಾಡಿಸಿ, ಒಂದು ಚೀಟಿಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಪರ್ಸಿನಲ್ಲಿ ಇಡಿ.

ಫೋನಿನಲ್ಲಿ ಒಂದು ನೋಟ್ ತೆರೆದು, ಕೇಳಿದ ಹೆಸರನ್ನು ಕೇಳಿದ ಹಾಗೇ ಕನ್ನಡದಲ್ಲಿ ಬರೆದುಕೊಳ್ಳಿ. ಇಂಗ್ಲಿಷಿನಲ್ಲಿ ಬರೆದುಕೊಂಡರೆ ಮಾರನೆಯ ದಿನ ಮತ್ತೆ ತಪ್ಪು ಓದುತ್ತೀರಿ. ಒಂದೇ ಊರಿಗೆ ಎರಡು ಉತ್ತರ ಸಿಕ್ಕರೆ ಎರಡನ್ನೂ ಬರೆಯಿರಿ. ಶ್ರೋಸ್‌ಬರಿಯೋ ಶ್ರೂಸ್‌ಬರಿಯೋ ಅಂತ ಆ ಊರಿನವರೇ ಇವತ್ತಿಗೂ ವಾದ ಮಾಡುತ್ತಾರೆ. ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಎರಡೂ ಇವೆ, ಒಂದು ಅಮ್ಮನ ಕೈಬರಹದಲ್ಲಿ, ಇನ್ನೊಂದು ನನ್ನದರಲ್ಲಿ.